25 ಶೀರ್ಷಿಕೆ, ಒಂದು ಪೀಠಿಕೆ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂಬತ್ತನೆಯ ತರಗತಿಯ ವಿಜ್ಞಾನ ಪಾಠವೊಂದನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಘಟಕ ಶಬ್ದ, ಅಂದಿನ ಪಾಠ ಪ್ರತಿಧ್ವನಿ. ಪ್ರಶಿಕ್ಷಣಾರ್ಥಿ ತರಗತಿಗೆ ಬಂದವರೇ ತಮ್ಮ ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸಿದರು. "ಮಕ್ಕಳೇ, ಇಲ್ಲೊಬ್ಬರು ಕೈಯಲ್ಲಿ ಮುಟ್ಟದೆ, ಕಲ್ಲು ಹೊಡೆಯದೆ ಗಾಜಿನ ಲೋಟ ಒಡೆಯುತ್ತಾರೆ. ಹೇಗೆ ಅಂತ ಕೊನೆಯವರೆಗೂ ನೋಡಿ" ಎಂದರು. ಗಾಯಕರೊಬ್ಬರು ಲೋಟದ ಹತ್ತಿರ ಬಾಯಿಟ್ಟು ಒಂದೇ ಸ್ವರವನ್ನು ಎಳೆದರು, ಲೋಟ ಚೂರಾಯಿತು. ತರಗತಿ ಒಂದೇ ದನಿಯಲ್ಲಿ "ಓ" ಎಂದಿತು. ಪ್ರಶಿಕ್ಷಣಾರ್ಥಿ ನಗುತ್ತ ಕಪ್ಪುಹಲಗೆಯ ಮೇಲೆ 'ಪ್ರತಿಧ್ವನಿ' ಎಂದು ಬರೆದರು. ಅದು ಐದನೆಯ ನಿಮಿಷ. ನಾನು ವೀಕ್ಷಣಾ ಪತ್ರದಲ್ಲಿ 'ಪೀಠಿಕೆ ಅತ್ಯುತ್ತಮ, ಇಡೀ ತರಗತಿಯ ಗಮನ ಸೆಳೆಯಿತು' ಎಂದು ಬರೆದು 10ಕ್ಕೆ 9 ಅಂಕ ಹಾಕಿದೆ.

ಪಾಠ ಮುಗಿದು ಗಂಟೆ ಬಾರಿಸಿದ ಮೇಲೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಆ ಲೋಟ ಯಾಕೆ ಒಡೀತು?"

"ಅದು ಇವತ್ತಿನ ಪಾಠಕ್ಕೆ ಬರಲ್ಲ ಪುಟ್ಟಾ. ನಿಮಗೆಲ್ಲ ಆಸಕ್ತಿ ಬರಲಿ ಅಂತ ತೋರಿಸಿದ್ದು ಅಷ್ಟೆ."

ಹುಡುಗಿ ಕುಳಿತಳು. ಆಮೇಲೆ ಹಿಮ್ಮಾಹಿತಿಯ ಹೊತ್ತಿನಲ್ಲಿ ನಾನು ಈ ಮಾತೆತ್ತಿದಾಗ ಪ್ರಶಿಕ್ಷಣಾರ್ಥಿ ವಿನಯದಿಂದಲೇ ಹೇಳಿದರು: "ಸರ್, ಪೀಠಿಕೆಗೆ ನೀವೇ ಅತ್ಯುತ್ತಮ ಅಂತ ಬರೆದಿದ್ದೀರಲ್ಲ." ನನ್ನಲ್ಲಿ ಉತ್ತರವಿರಲಿಲ್ಲ. ಲೋಟ ಒಡೆಯುವುದು ಅನುನಾದದಿಂದ. ಲೋಟದ ಸಹಜ ಆವೃತ್ತಿಗೆ ಹೊಂದುವ ಸ್ವರ ಸಾಕಷ್ಟು ಜೋರಾಗಿ ಬಿದ್ದಾಗ ಅದರ ಕಂಪನ ಬೆಳೆಯುತ್ತ ಹೋಗಿ ಗಾಜು ತಾಳಲಾರದೆ ಬಿರಿಯುತ್ತದೆ. ಪ್ರತಿಧ್ವನಿಯಾದರೋ ಶಬ್ದದ ಪ್ರತಿಫಲನ. ಎರಡೂ 'ಶಬ್ದ' ಎಂಬ ಘಟಕದ ಹೆಸರಿನಡಿ ಬರುತ್ತವೆ ಎಂಬುದನ್ನು ಬಿಟ್ಟರೆ ಆ ಪೀಠಿಕೆಗೂ ಆ ಪಾಠಕ್ಕೂ ಸಂಬಂಧವಿರಲಿಲ್ಲ. ಇದು ಗೊತ್ತಿದ್ದೂ ನಾನು 9 ಅಂಕ ಕೊಟ್ಟಿದ್ದೆ. ಆ ಅಂಕದ ಬಗ್ಗೆ ಯೋಚಿಸುತ್ತ ಹೋದಾಗ ನೆನಪಾದದ್ದು ಅಮೆರಿಕದ ಒಂದು ಜಾಲತಾಣದ ಕತೆ. ನಮ್ಮ ವೃತ್ತಿಗೆ ಅದರಲ್ಲಿ ಒಂದು ಪಾಠವಿದೆ ಎಂಬುದು ನನ್ನ ಅಭಿಪ್ರಾಯ.

ಹುಡುಕು, ಹೆಸರಿಡು, ಹಂಚು

2012ರ ಮಾರ್ಚ್‌ನಲ್ಲಿ ಈಲೈ ಪ್ಯಾರಿಸರ್ ಮತ್ತು ಪೀಟರ್ ಕೋಕ್ಲಿ ಎಂಬಿಬ್ಬರು 'ಅಪ್‌ವರ್ದಿ' ಎಂಬ ಜಾಲತಾಣ ಆರಂಭಿಸಿದರು. ಪ್ಯಾರಿಸರ್ ಸಾಮಾಜಿಕ ಕಾರ್ಯಕರ್ತರು, ಅಂತರಜಾಲವು ನಮಗೆ ಇಷ್ಟವಾದುದನ್ನಷ್ಟೇ ತೋರಿಸಿ ನಮ್ಮನ್ನು ಹೇಗೆ ಕೂಡಿಹಾಕುತ್ತದೆ ಎಂಬ ಬಗ್ಗೆ 2011ರಲ್ಲಿ 'ದಿ ಫಿಲ್ಟರ್ ಬಬಲ್' ಎಂಬ ಪುಸ್ತಕ ಬರೆದವರು. ಕೋಕ್ಲಿ 'ದಿ ಆನಿಯನ್' ಎಂಬ ವಿಡಂಬನ ಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಬೆಕ್ಕಿನ ಮರಿಗಳ ವಿಡಿಯೋ ಕೋಟಿ ಜನರನ್ನು ತಲುಪುವುದಾದರೆ ಬಡತನ, ಆರೋಗ್ಯ, ಸಮಾನತೆಯಂಥ ವಿಷಯಗಳು ಏಕೆ ತಲುಪಬಾರದು ಎಂಬುದು ಅವರ ಪ್ರಶ್ನೆ.

ಈ ತಾಣ ಆಗ ತಾನಾಗಿ ವಿಡಿಯೋ ತಯಾರಿಸುವ ಗೋಜಿಗೆ ಹೆಚ್ಚಾಗಿ ಹೋಗುತ್ತಿರಲಿಲ್ಲ. ಅಲ್ಲಿನ ಸಿಬ್ಬಂದಿ ಅಂತರಜಾಲವನ್ನು ಜಾಲಾಡಿ, ಬೇರೆ ಯಾರೋ ಮಾಡಿ ಹಾಕಿದ್ದ, ಹೆಚ್ಚು ಜನ ನೋಡದೆ ಉಳಿದಿದ್ದ ವಿಡಿಯೋ, ಚಿತ್ರಗಳನ್ನು ಹುಡುಕಿ ತರುತ್ತಿದ್ದರು. ನಂತರದ್ದೇ ಮುಖ್ಯ ಕೆಲಸ. ಪ್ರತಿಯೊಂದಕ್ಕೂ ಕನಿಷ್ಠ 25 ಶೀರ್ಷಿಕೆ ಬರೆಯಬೇಕೆಂಬುದು ಅವರ ನಿಯಮ. ಅದರಲ್ಲಿ ಕೆಲವನ್ನು ಆರಿಸಿ, ತಾಣಕ್ಕೆ ಬಂದವರಲ್ಲಿ ಕೆಲವರಿಗೆ ಒಂದು ಶೀರ್ಷಿಕೆ, ಇನ್ನು ಕೆಲವರಿಗೆ ಇನ್ನೊಂದು ಕಾಣುವಂತೆ ಮಾಡುತ್ತಿದ್ದರು. ಯಾವುದನ್ನು ಹೆಚ್ಚು ಜನ ಒತ್ತುತ್ತಾರೋ ಅದೇ ಗೆದ್ದ ಶೀರ್ಷಿಕೆ. ಒಳಗಿನ ವಿಡಿಯೋ ಮಾತ್ರ ಅದೇ. ನಂತರ ನೋಡಿದವರಿಗೆಲ್ಲ 'ಹಂಚಿಕೊಳ್ಳಿ' ಎಂಬ ಗುಂಡಿ ಎದುರಾಗುತ್ತಿತ್ತು. ಫೇಸ್‌ಬುಕ್‌ನಲ್ಲಿ ಒಬ್ಬರಿಂದ ಹತ್ತು ಜನಕ್ಕೆ, ಹತ್ತರಿಂದ ನೂರಕ್ಕೆ ಹೋಗುತ್ತಿತ್ತು. 2013ರ ನವೆಂಬರ್ ಹೊತ್ತಿಗೆ ಒಂದೇ ತಿಂಗಳಲ್ಲಿ 8 ಕೋಟಿಗೂ ಹೆಚ್ಚು ಮಂದಿ ಆ ತಾಣಕ್ಕೆ ಬಂದಿದ್ದರು.

ಗೆಲ್ಲುತ್ತಿದ್ದ ಶೀರ್ಷಿಕೆಗಳಿಗೆ ಒಂದು ಅಚ್ಚು ಇತ್ತು. ಮೊದಲ ವಾಕ್ಯದಲ್ಲಿ ಒಬ್ಬ ವ್ಯಕ್ತಿ ಅಥವಾ ಒಂದು ಸಂದರ್ಭ. ಎರಡನೆಯ ವಾಕ್ಯದಲ್ಲಿ 'ಆಮೇಲೆ ನಡೆದದ್ದು ನಿಮ್ಮ ಯೋಚನೆಯನ್ನೇ ಬದಲಿಸುತ್ತದೆ' ಎಂಬಂಥ ಮಾತು. ಏನು ನಡೆಯಿತು ಎಂಬುದು ಮಾತ್ರ ಇಲ್ಲ. ಹೇಳಬೇಕಾದ್ದನ್ನು ಬೇಕೆಂದೇ ಬಚ್ಚಿಟ್ಟು ಕುತೂಹಲ ಕೆರಳಿಸುವ ಈ ವಿದ್ಯೆ ಇಂದು ನಮ್ಮ ಮನೆಮಾತು. ಕನ್ನಡದ ಯೂಟ್ಯೂಬ್ ವಿಡಿಯೋಗಳ ಮೇಲೆ 'ಶಾಕ್ ಆಗ್ತೀರಾ', 'ಅಸಲಿ ಸತ್ಯ', 'ಮುಂದೇನಾಯ್ತು ನೋಡಿ' ಎಂಬ ಪದಗಳನ್ನು ಓದದ ಪ್ರಶಿಕ್ಷಣಾರ್ಥಿ ಇರಲಾರರು. 'ಕೊನೆಯವರೆಗೂ ನೋಡಿ' ಎಂಬ ಮಾತು ನಮ್ಮ ತರಗತಿಗೆ ಬಂದದ್ದು ಆ ದಾರಿಯಿಂದಲೇ.

ಕುತೂಹಲ ಎಂದರೇನು?

ಕುತೂಹಲ ಹುಟ್ಟಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ಪಾಠ ಪೀಠಿಕಾ ಕೌಶಲವನ್ನು ನಾವು ಬೇರೆಯಾಗಿಯೇ ಅಭ್ಯಾಸ ಮಾಡಿಸುತ್ತೇವೆ. 5ಇ ಮಾದರಿಯ ಪಾಠ ಯೋಜನೆಯಲ್ಲೂ ಮೊದಲ ಹಂತ ತೊಡಗಿಸಿಕೊಳ್ಳುವುದೇ. ಹಾಗಾದರೆ ಜಾಲತಾಣದ ಶೀರ್ಷಿಕೆಗೂ ನಮ್ಮ ಪೀಠಿಕೆಗೂ ವ್ಯತ್ಯಾಸವೆಲ್ಲಿ?

1994ರಲ್ಲಿ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು ಕುತೂಹಲದ ಮನೋವಿಜ್ಞಾನದ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ನಮಗೆ ಈಗಾಗಲೇ ಗೊತ್ತಿರುವುದಕ್ಕೂ ಗೊತ್ತಾಗಬೇಕೆಂದು ನಾವು ಬಯಸುವುದಕ್ಕೂ ನಡುವೆ ಇರುವ ಅಂತರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ ಎಂಬುದು ಅವರ ವಾದದ ಸಾರ. ಇಲ್ಲಿ ಗಮನಿಸಬೇಕಾದ್ದು ಮೊದಲರ್ಧ. ಏನೂ ಗೊತ್ತಿಲ್ಲದ ಕಡೆ ಅಂತರವೂ ಕಾಣುವುದಿಲ್ಲ. ಹರ್ಬಾರ್ಟನ ಅನುಯಾಯಿಗಳು ಪಾಠದ ಸೋಪಾನಗಳಲ್ಲಿ ಪೂರ್ವಸಿದ್ಧತೆಯನ್ನು ಮೊದಲಿಗೆ ಇಟ್ಟದ್ದೂ ಇದಕ್ಕೇ. ಮಗುವಿನ ಮನಸ್ಸಿನಲ್ಲಿರುವ ಹಳೆಯ ತಿಳಿವನ್ನು ಮೇಲಕ್ಕೆ ತಂದು, ಹೊಸದು ಕೂರಲು ಜಾಗ ಮಾಡಿಕೊಡುವ ಕೆಲಸ ಅದು.

ಶೀರ್ಷಿಕೆ ಬರೆಯುವವರಿಗೆ ಈ ಹೊಣೆಯಿಲ್ಲ. ಓದುಗರು ಗುಂಡಿ ಒತ್ತಿದರೆ ಅವರ ಕೆಲಸ ಮುಗಿಯಿತು. ಶಿಕ್ಷಕರಿಗೆ ಒತ್ತಿಸುವ ಗುಂಡಿಯೇ ಇಲ್ಲ. ಮಕ್ಕಳು ಆಗಲೇ ಒಳಗೆ ಕುಳಿತಿರುತ್ತಾರೆ, 40 ನಿಮಿಷ ಎದ್ದು ಹೋಗುವಂತಿಲ್ಲ. ಆದ್ದರಿಂದ ನಮ್ಮ ಪೀಠಿಕೆ ಹುಟ್ಟಿಸುವ ಪ್ರಶ್ನೆ ಮತ್ತು ಪಾಠ ಕೊಡುವ ಉತ್ತರ ಒಂದೇ ದಾರದ ಎರಡು ತುದಿಗಳಾಗಿರಬೇಕು. ಲೋಟದ ವಿಡಿಯೋ ಒಂದು ನಿಜವಾದ ಪ್ರಶ್ನೆಯನ್ನು ಎಬ್ಬಿಸಿತು, ಹುಡುಗಿ ಅದನ್ನು 35 ನಿಮಿಷ ಮರೆಯದೆ ಇಟ್ಟುಕೊಂಡಿದ್ದಳು. ಅಂದು ತರಗತಿಯಲ್ಲಿ ನಿಜವಾಗಿ ಕಲಿಯಲು ಸಿದ್ಧವಾಗಿದ್ದವಳು ಅವಳು. ಅವಳಿಗೆ ನಾವು ಹೇಳಿದ್ದು, 'ಅದು ಪಾಠಕ್ಕೆ ಬರಲ್ಲ' ಎಂದು.

ಅದೇ ಪಾಠಕ್ಕೆ ಬೇರೆ ಪೀಠಿಕೆ ಸಾಧ್ಯವಿತ್ತು. ಮಕ್ಕಳನ್ನು ಶಾಲೆಯ ಹಿಂದಿನ ದೊಡ್ಡ ಗೋಡೆಯ ಎದುರು ನಿಲ್ಲಿಸಿ ಚಪ್ಪಾಳೆ ಹೊಡೆಯಲು ಹೇಳಬಹುದಿತ್ತು. ಹತ್ತಿರ ನಿಂತಾಗ ಒಂದೇ ಚಪ್ಪಾಳೆ. ಹಿಂದೆ ಹಿಂದೆ ಸರಿಯುತ್ತ ಹೋದರೆ ಒಂದು ಕಡೆ ಎರಡನೆಯದೂ ಕೇಳತೊಡಗುತ್ತದೆ. 'ಎಷ್ಟು ದೂರದಿಂದ? ಅಷ್ಟೇ ದೂರ ಏಕೆ?' ಈ ಪ್ರಶ್ನೆಯನ್ನು ಹೊತ್ತು ತರಗತಿಗೆ ಬಂದರೆ ಪಾಠವೇ ಅದರ ಉತ್ತರವಾಗುತ್ತದೆ. ಶಬ್ದದ ಸಂವೇದನೆ ನಮ್ಮ ಮಿದುಳಿನಲ್ಲಿ ಸುಮಾರು 0.1 ಸೆಕೆಂಡ್ ಉಳಿಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 344 ಮೀಟರ್. ಹೋಗಿಬರುವ ದೂರ 34.4 ಮೀಟರ್, ಆದ್ದರಿಂದ ಗೋಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋಗಿ ಕೂಗಿ ಬಂದ ಮಕ್ಕಳಿದ್ದರೆ ಅವರ ಅನುಭವವೂ ಇಲ್ಲಿ ಬಂದು ಸೇರುತ್ತದೆ. ಈ ಪೀಠಿಕೆಗೆ 'ಓ' ಎಂಬ ಉದ್ಗಾರ ಸಿಗದಿರಬಹುದು. ಆದರೆ ಗಂಟೆ ಬಾರಿಸುವಾಗ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.

ಅಳತೆಗೋಲು ಎಲ್ಲಿದೆ?

ಈಗ ಆ ತಾಣಕ್ಕೆ ಮುಂದೇನಾಯಿತು ಎಂಬುದನ್ನು ನೋಡೋಣ. ಜನರಿಗೆ ಈ ಅಚ್ಚು ಬೇಸರ ತಂದಿತು. ಹತ್ತಾರು ತಾಣಗಳು ಅದನ್ನೇ ನಕಲು ಮಾಡಿದವು. 2014ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ವಿಷಯ ಬಚ್ಚಿಟ್ಟು ಒತ್ತಿಸುವಂಥ ಶೀರ್ಷಿಕೆಗಳನ್ನು ಹಿಂದಕ್ಕೆ ತಳ್ಳುವುದಾಗಿ ಪ್ರಕಟಿಸಿತು. ಅವುಗಳನ್ನು ಗುರುತಿಸಲು ಫೇಸ್‌ಬುಕ್ ಹೇಳಿದ ಒಂದು ಉಪಾಯ ಸರಳವಾಗಿತ್ತು: ಕೊಂಡಿ ಒತ್ತಿ ಹೋದವರು ಅಲ್ಲಿ ಉಳಿದು ಓದುತ್ತಾರೋ ಅಥವಾ ತಕ್ಷಣ ಮರಳಿ ಬರುತ್ತಾರೋ ಎಂದು ನೋಡುವುದು. ಅಪ್‌ವರ್ದಿಯವರಿಗೂ ಇದು ಹೊಳೆದಿತ್ತು. ಅದೇ ವರ್ಷದ ಫೆಬ್ರವರಿಯಲ್ಲೇ ಅವರು, ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ನಿಮಿಷ ಗಮನ ಕೊಟ್ಟರು ಎಂಬುದನ್ನು ಮುಖ್ಯ ಅಳತೆಯಾಗಿ ಇಟ್ಟುಕೊಳ್ಳುವುದಾಗಿ ಹೇಳಿದ್ದರು. ವ್ಯಾಪಾರದ ಜಗತ್ತೇ ಅಳತೆಗೋಲನ್ನು ಬಾಗಿಲಿನಿಂದ ಒಳಮನೆಗೆ ಸರಿಸಿತು. ನಮ್ಮ ವೀಕ್ಷಣಾ ಪತ್ರದಲ್ಲಿ ಅದು ಇನ್ನೂ ಬಾಗಿಲಲ್ಲೇ ಇದೆ. 'ಗಮನ ಸೆಳೆಯಿತೇ?' ಎಂಬುದಕ್ಕೆ ಐದನೆಯ ನಿಮಿಷದಲ್ಲಿ ಅಂಕ ಹಾಕುತ್ತೇವೆ. ಇಪ್ಪತ್ತೈದನೆಯ ನಿಮಿಷದಲ್ಲಿ ಆ ಗಮನ ಎಲ್ಲಿತ್ತು ಎಂದು ಕೇಳುವ ಕಾಲಂ ನಾನು ಬಳಸುವ ಪತ್ರದಲ್ಲಿ ಇಲ್ಲ.

ಅಳತೆ ಬಾಗಿಲಲ್ಲೇ ನಿಂತರೆ ಇನ್ನೊಂದು ಅಪಾಯವಿದೆ. ಯಾವ ಬಗೆಯ ಸಾಮಗ್ರಿ ಗೆಲ್ಲುತ್ತದೆ ಎಂಬುದೇ ಬದಲಾಗುತ್ತದೆ. ಅಪ್‌ವರ್ದಿ 2013ರಿಂದ 2015ರವರೆಗೆ ನಡೆಸಿದ 32,487 ಶೀರ್ಷಿಕೆ ಪ್ರಯೋಗಗಳ ದಾಖಲೆಯನ್ನು 2021ರಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು. ಅದನ್ನು ಆಧರಿಸಿ 2023ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 1,05,000 ಶೀರ್ಷಿಕೆಗಳನ್ನೂ 57 ಲಕ್ಷ ಒತ್ತುವಿಕೆಗಳನ್ನೂ ಪರಿಶೀಲಿಸಿದ ಆ ಅಧ್ಯಯನದ ಪ್ರಕಾರ, ಸರಾಸರಿ ಉದ್ದದ ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಹೆಚ್ಚಾದರೆ ಒತ್ತುವವರ ಪ್ರಮಾಣ ಶೇ. 2.3ರಷ್ಟು ಹೆಚ್ಚುತ್ತಿತ್ತು, ಸಕಾರಾತ್ಮಕ ಪದ ಸೇರಿಸಿದರೆ ಕಡಿಮೆಯಾಗುತ್ತಿತ್ತು. ಒಳ್ಳೆಯ ಸುದ್ದಿಯನ್ನು ಹರಡಬೇಕೆಂದು ಹೊರಟ ತಾಣದಲ್ಲೇ ಎಣಿಕೆ ಮಾತ್ರ ಕೆಟ್ಟದರ ಕಡೆ ವಾಲುತ್ತಿತ್ತು. ಯಾರೂ ದುರುದ್ದೇಶದಿಂದ ಹಾಗೆ ಮಾಡಬೇಕಿರಲಿಲ್ಲ. ಗೆದ್ದದ್ದನ್ನು ಮತ್ತೆ ಮತ್ತೆ ಆರಿಸುತ್ತ ಹೋದರೆ ಸಾಕು.

ನಮ್ಮ ಪೀಠಿಕೆಗಳನ್ನು ಈ ಕಣ್ಣಿನಿಂದ ನೋಡಿ. ಆಹಾರದ ಪಾಠಕ್ಕೆ ವಿಷಾಹಾರದ ಸುದ್ದಿ, ವಿದ್ಯುತ್ತಿನ ಪಾಠಕ್ಕೆ ಶಾಕ್ ಹೊಡೆದವರ ವಿಡಿಯೋ, ಭೂಕಂಪದ ಪಾಠಕ್ಕೆ ಕಟ್ಟಡ ಕುಸಿಯುವ ದೃಶ್ಯ. ಒಬ್ಬರಿಗೆ 9 ಅಂಕ ಬಂದರೆ ಮರುದಿನ ಅದೇ ಶಾಲೆಯಲ್ಲಿರುವ ಇನ್ನಿಬ್ಬರು ಅದಕ್ಕಿಂತ ಬೆಚ್ಚಿಬೀಳಿಸುವುದನ್ನು ಹುಡುಕುತ್ತಾರೆ.

ಹುಡುಕಿದ್ದು ನಿಜವೇ ಎಂದು ನೋಡಲು ಅವರಿಗೆ ಸಮಯವೂ ಇರುವುದಿಲ್ಲ. ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಭಾರತ ಹೀಗೆ ಕಾಣುತ್ತದೆ ಎಂದು ಬಣ್ಣಬಣ್ಣದ ಒಂದು ಚಿತ್ರ ವರ್ಷ ವರ್ಷವೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಜ್ಞಾನಿಯೊಬ್ಬರು ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಜೋಡಿಸಿ ಮಾಡಿದ ಚಿತ್ರ ಅದು. 1992, 1998, 2003ರಲ್ಲಿ ಹೊಸದಾಗಿ ಕಂಡ ಬೆಳಕಿಗೆ ಬೇರೆ ಬೇರೆ ಬಣ್ಣ ಕೊಡಲಾಗಿದೆ. ನಾಸಾ 2012ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಭೂಗೋಳದ ತರಗತಿಯಲ್ಲಿ ಇದನ್ನು 'ದೀಪಾವಳಿಯ ಚಿತ್ರ' ಎಂದು ತೋರಿಸಿದರೆ 50 ಮಕ್ಕಳ ಮನಸ್ಸಿನಲ್ಲಿ ಶಿಕ್ಷಕರ ಮುದ್ರೆಯೊಂದಿಗೆ ಒಂದು ಸುಳ್ಳು ಕೂರುತ್ತದೆ. ಅದೇ ಚಿತ್ರದ ನಿಜವಾದ ಕತೆ ಹೇಳಿದರೆ ಹತ್ತು ವರ್ಷಗಳಲ್ಲಿ ಯಾವ ಊರು ಬೆಳೆಯಿತು, ನಗರೀಕರಣ ಎಂದರೇನು ಎಂಬ ಸೊಗಸಾದ ಪಾಠವಾಗುತ್ತದೆ.

ಆಕ್ಷೇಪಗಳು

'ಮಕ್ಕಳ ಮನಸ್ಸು ಮೊಬೈಲಿನಲ್ಲಿದೆ, ನಾವು ಅಲ್ಲಿಗೇ ಹೋಗಿ ಕರೆತರಬೇಡವೇ?' ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವರ ಪರಿಸ್ಥಿತಿಯನ್ನೂ ನೋಡಬೇಕು. ಪರಿಚಯವಿಲ್ಲದ 50 ಮಕ್ಕಳು, ಪಕ್ಕದಲ್ಲಿ ಆ ತರಗತಿಯ ಕಾಯಂ ಶಿಕ್ಷಕರು, ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದ ನಾನು. ಮೊದಲ ಎರಡು ನಿಮಿಷದಲ್ಲಿ ತರಗತಿ ಕೈಗೆ ಸಿಗದಿದ್ದರೆ ಮುಂದಿನದೆಲ್ಲ ಕಷ್ಟ ಎಂಬ ಭಯ ಸುಳ್ಳಲ್ಲ. ಆ ಭಯಕ್ಕೆ ಒಂದು ವೈರಲ್ ವಿಡಿಯೋ ಸುಲಭದ ಮದ್ದು.

ವೈರಲ್ ಆದದ್ದೆಲ್ಲ ಬೇಡವೆಂದೂ ನಾನು ಹೇಳುವುದಿಲ್ಲ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಚಿತ್ರವನ್ನು ಟಂಬ್ಲರ್‌ನಿಂದ ಎತ್ತಿಕೊಂಡು ಬಝ್‌ಫೀಡ್ ತಾಣ ಜಗತ್ತಿಗೆಲ್ಲ ಹರಡಿತು. ಕೆಲವರಿಗೆ ಅದು ಬಿಳಿ ಮತ್ತು ಬಂಗಾರದ ಬಣ್ಣ, ಕೆಲವರಿಗೆ ನೀಲಿ ಮತ್ತು ಕಪ್ಪು. ನಿಜವಾದ ಉಡುಪು ನೀಲಿ ಮತ್ತು ಕಪ್ಪು. ಚಿತ್ರದಲ್ಲಿ ಬೆಳಕು ಯಾವ ಬಗೆಯದ್ದೆಂದು ಸ್ಪಷ್ಟವಿಲ್ಲದ್ದರಿಂದ ಪ್ರತಿಯೊಬ್ಬರ ಮಿದುಳೂ ತನ್ನದೇ ಊಹೆ ಮಾಡಿಕೊಂಡು ಬಣ್ಣವನ್ನು ತಿದ್ದುತ್ತದೆ ಎಂದು ದೃಷ್ಟಿಯ ಬಗ್ಗೆ ಸಂಶೋಧನೆ ಮಾಡುವವರು ವಿವರಿಸಿದರು. ನಮ್ಮದೇ ಬಿ.ಇಡಿ. ಮನೋವಿಜ್ಞಾನದ ತರಗತಿಯಲ್ಲಿ ಸಂವೇದನೆ ಮತ್ತು ಗ್ರಹಿಕೆಯ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ. ಇಲ್ಲಿ ಚಿತ್ರ ಎಬ್ಬಿಸುವ ಜಗಳವನ್ನು ಬಗೆಹರಿಸುವುದೇ ಪಾಠ. ವೈರಲ್ ಆಗಿದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ.

ಮಾಡಬಹುದಾದದ್ದು

ಒಂದನೆಯದಾಗಿ, ಆ ತಾಣದಿಂದ ಒಂದು ಅಭ್ಯಾಸವನ್ನು ಧಾರಾಳವಾಗಿ ಎರವಲು ತರಬಹುದು. ಒಂದು ವಿಡಿಯೋಗೆ 25 ಶೀರ್ಷಿಕೆ ಬರೆಯುವ ಶ್ರಮ ನಮ್ಮಲ್ಲಿ ಎಷ್ಟು ಜನ ಪಡುತ್ತೇವೆ? ಹಿರಿಯ ತಂಡದವರ ರೆಕಾರ್ಡ್ ಪುಸ್ತಕದಿಂದ ಒಂದು ಪೀಠಿಕೆ ಇಳಿಸಿಕೊಂಡರೆ ಪಾಠ ಯೋಜನೆಯ ಆ ಭಾಗ ಮುಗಿಯಿತು. 25 ಬೇಡ, ಒಂದು ಪಾಠಕ್ಕೆ ಐದು ಪೀಠಿಕೆ ಬರೆಸೋಣ. ಆರಿಸುವಾಗ ಮಾತ್ರ ಅವರ ಕ್ರಮ ಬಿಟ್ಟು, 'ಇದು ಎಬ್ಬಿಸುವ ಪ್ರಶ್ನೆಗೆ ನನ್ನ ಪಾಠ ಉತ್ತರ ಕೊಡುತ್ತದೆಯೇ?' ಎಂದು ಕೇಳಿ ಆರಿಸಲಿ. ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳ ಮುಂದೆ ಎರಡು ಪೀಠಿಕೆ ಮಾಡಿ ತೋರಿಸಿ, ಅವರಲ್ಲಿ ಯಾವ ಪ್ರಶ್ನೆ ಎದ್ದಿತು ಎಂದು ಬರೆಸಿಕೊಂಡರೆ ಪುನರ್ಬೋಧನೆಗೂ ಅರ್ಥ ಬರುತ್ತದೆ.

ಎರಡನೆಯದಾಗಿ, ವೀಕ್ಷಣಾ ಪತ್ರಕ್ಕೆ ಒಂದು ಸಾಲು ಸೇರಿಸೋಣ: 'ಪೀಠಿಕೆಯಲ್ಲಿ ಎದ್ದ ಪ್ರಶ್ನೆ ಯಾವುದು? ಪಾಠದಲ್ಲಿ ಅದಕ್ಕೆ ಉತ್ತರ ಯಾವಾಗ ಸಿಕ್ಕಿತು?' ಪೀಠಿಕೆಯ ಅಂಕವನ್ನು ಗಂಟೆ ಬಾರಿಸುವ ಮೊದಲು ಹಾಕದಿರೋಣ. ಇದು ಪ್ರಶಿಕ್ಷಣಾರ್ಥಿಗಳಿಗಿಂತ ಹೆಚ್ಚಾಗಿ ನನ್ನಂಥ ವೀಕ್ಷಕರಿಗೆ ಬೇಕಾದ ಶಿಸ್ತು. ಒಂದೇ ದಿನ ಮೂರು ಶಾಲೆ ಸುತ್ತುವಾಗ ಮೊದಲ ಹತ್ತು ನಿಮಿಷ ನೋಡಿ ಸಹಿ ಹಾಕಿ ಎದ್ದು ಹೋಗುವ ನಮ್ಮ ರೂಢಿಯೇ ಬಾಗಿಲಲ್ಲಿ ಮಿಂಚುವ ಪಾಠಗಳನ್ನು ಬೆಳೆಸುತ್ತಿದೆ.

ಮೂರನೆಯದಾಗಿ, ಮೊಬೈಲಿನಿಂದ ತಂದ ಪ್ರತಿಯೊಂದು ಸಾಮಗ್ರಿಗೂ ಪಾಠ ಯೋಜನೆಯಲ್ಲಿ ಮೂರು ವಿವರ ಬರೆಯುವುದು ಕಡ್ಡಾಯವಾಗಲಿ: ಇದನ್ನು ಮಾಡಿದವರು ಯಾರು, ಯಾವಾಗ, ಮೊದಲು ಎಲ್ಲಿ ಪ್ರಕಟವಾಯಿತು. 'ವಾಟ್ಸ್ಆ್ಯಪ್' ಎಂಬುದು ಉತ್ತರವಾಗಬಾರದು. ವಿವರ ಸಿಗದಿದ್ದರೆ ಆ ಸಾಮಗ್ರಿ ತರಗತಿಗೆ ಬೇಡ.

ಮರುವಾರ ಅದೇ ಶಾಲೆಗೆ ಹೋಗುವುದಿತ್ತು. ಪ್ರಶಿಕ್ಷಣಾರ್ಥಿ ಎರಡು ಲೋಟ, ಒಂದು ಶ್ರುತಿಕವೆ ಹಿಡಿದು ಬಂದಿದ್ದರು. ಮುಖ್ಯ ಶಿಕ್ಷಕರನ್ನು ಕೇಳಿ ಊಟದ ವಿರಾಮದಲ್ಲಿ ಹದಿನೈದು ನಿಮಿಷ ಪಡೆದು, ಆ ಹುಡುಗಿಯನ್ನೂ ಅವಳ ಗೆಳತಿಯರನ್ನೂ ಕೂರಿಸಿಕೊಂಡು, ಲೋಟದ ಅಂಚನ್ನು ಒದ್ದೆ ಬೆರಳಿನಿಂದ ಸವರಿ ಅದು ಹಾಡುವಂತೆ ಮಾಡಿದರು. ನೀರು ಸೇರಿಸಿದಾಗ ಸ್ವರ ಇಳಿಯಿತು. ಯಾವ ಲೋಟವೂ ಒಡೆಯಲಿಲ್ಲ. ಅದಕ್ಕೆ ಅಂಕ ಕೊಡುವ ಕಾಲಂ ನನ್ನ ಪತ್ರದಲ್ಲಿ ಇರಲಿಲ್ಲ. ಮುಂದಿನ ಅಭ್ಯಾಸ ಬೋಧನೆ ಆರಂಭವಾಗುವ ಮೊದಲು ಆ ಪತ್ರವನ್ನು ತಿದ್ದುವ ಸಭೆ ಕರೆಯಬೇಕೆಂದು ಸಹೋದ್ಯೋಗಿಗಳನ್ನು ಈ ಮೂಲಕ ಕೋರುತ್ತೇನೆ.